ಮಾನಿಯಾಕೆಸನ ಕೈ

ಪ್ರಿಯ ಗೆಳತಿ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಜಾರ್ಜ್ ಮಾನಿಯಾಕೆಸನನ್ನು ನೀನು ಹುಡುಕಿಕೊಂಡದ್ದೇ ನನಗೆ ದೊಡ್ಡ ಸಂತೋಷ. ಹನ್ನೊಂದನೇ ಶತಮಾನದ ಬೈಜಾಂಟಿಯಂ ಸಾಮ್ರಾಜ್ಯದ ಬಗ್ಗೆ ಓದುವಾಗಲೆಲ್ಲ, ಈ ದಂಡನಾಯಕನ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬಾರದೇ ಅನ್ನಿಸುತ್ತಿತ್ತು.

ಆದರೆ ಕಥೆ ಶುರುವಾಗುವ ಜಾಗ ಸರಿಯಿಲ್ಲ. 1042, ದಕ್ಷಿಣ ಇಟಲಿಯ ಪಾಳೆಯ, ಸೈನಿಕರ ಜಯಕಾರ, ಚಕ್ರವರ್ತಿ ಎಂಬ ಘೋಷಣೆ, ಅವನ ಕಣ್ಣಲ್ಲಿ ‘ಅಧಿಕಾರದ ದಾಹ’. ಆ ದಾಹವನ್ನು ಹೊಡೆದುಹಾಕು. ಬಂಡೆದ್ದವರಿಗೆಲ್ಲ ಅರಮನೆ ಹಚ್ಚುತ್ತಿದ್ದ ಮಸಿ ಅದು. ನಾವೂ ಅದನ್ನೇ ಹಚ್ಚಿದರೆ ಕಾದಂಬರಿ ಯಾಕೆ ಬೇಕು?

ಅವನು ಮೇಲಿನಿಂದ ಇಳಿದುಬಂದವನಲ್ಲ. ಸಾಮಾನು ಹೊರುವವರ, ಕಹಳೆ ಊದುವವರ ಸಾಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿದವನು. 1030ರಲ್ಲಿ ಚಕ್ರವರ್ತಿ ಮೂರನೇ ರೊಮಾನೋಸ್ ಅಲೆಪ್ಪೊ ಬಳಿ ಸೋತು ಓಡಿಬಂದಾಗ, ತೆಲೂಕ್ ಎಂಬ ಸಣ್ಣ ಊರು ಇವನ ಕೈಯಲ್ಲಿತ್ತು. ಎಂಟುನೂರು ಅರಬ್ ಸವಾರರು ಬಂದು ಊರು ಬಿಟ್ಟುಕೊಡು ಎಂದರು. ಬೆಳಗಾಗಲಿ ಎಂದು ಒಪ್ಪಿಕೊಂಡವನಂತೆ ನಟಿಸಿ, ಊಟ, ಮದ್ಯ ಕಳಿಸಿ, ಅಮಲಿನಲ್ಲಿ ಮಲಗಿದವರನ್ನು ರಾತ್ರಿ ಕೊಂದ. ಮೂಗು, ಕಿವಿಗಳನ್ನು ಕೊಯ್ದು ಚಕ್ರವರ್ತಿಗೆ ಮುಟ್ಟಿಸಿದ. ಈ ದೃಶ್ಯ ನಿನ್ನ ಪುಟಗಳಲ್ಲಿ ಇಲ್ಲವೇ ಇಲ್ಲ. ಅವನ ಮೇಲಿನ ಪ್ರೀತಿಯಿಂದ ಬಿಟ್ಟಿದ್ದೀಯ ಎಂದು ನನಗೆ ಗೊತ್ತು. ದಯವಿಟ್ಟು ಸೇರಿಸು. ಓದುಗರು ಮೊದಲು ಅವನಿಗೆ ಹೆದರಲಿ, ಆಮೇಲೆ ಅವನಿಗಾಗಿ ನೋಯಲಿ.

ಎಡೆಸ್ಸಾ ನಗರ ಗೆದ್ದದ್ದನ್ನು ಒಂದು ಪುಟದಲ್ಲಿ ಮುಗಿಸು. ಸಿಸಿಲಿಯಲ್ಲಿ ನಿಲ್ಲು. 1038ರಲ್ಲಿ ಅವನ ಜೊತೆ ನಾರ್ಮನ್ ಬಾಡಿಗೆ ಸೈನಿಕರಿದ್ದರು, ಮುಂದೆ ನಾರ್ವೆಯ ದೊರೆಯಾದ ಹರಾಲ್ಡ್ ಕೂಡ ಇದ್ದ. ಸಿರಾಕ್ಯೂಸ್ ವಶವಾಯಿತು. ಟ್ರೊಯಿನಾದಲ್ಲಿ ಗೆದ್ದ ಮೇಲೆ ಉಳಿದದ್ದು ಒಂದೇ ಕೆಲಸ: ಸೋತ ಶತ್ರು ದಂಡನಾಯಕ ಅಬ್ದುಲ್ಲಾ ಸಮುದ್ರದ ದಾರಿಯಲ್ಲಿ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವುದು. ಅದು ನೌಕಾಪಡೆಯ ಸ್ಟೀಫನ್‌ನ ಹೊಣೆ. ಸ್ಟೀಫನ್ ಒಂದು ಕಾಲಕ್ಕೆ ಹಡಗಿನ ಸಂದು ಮುಚ್ಚುತ್ತಿದ್ದವನು, ಚಕ್ರವರ್ತಿಯ ಸೋದರಿಯ ಗಂಡನಾದ್ದರಿಂದ ಅಧಿಪತಿಯಾದವನು. ಅಬ್ದುಲ್ಲಾ ತಪ್ಪಿಸಿಕೊಂಡ. ಮಾನಿಯಾಕೆಸ್ ಸ್ಟೀಫನ್‌ಗೆ ಹೊಡೆದುಬಿಟ್ಟ. ರಾಜಧಾನಿಗೆ ದೂರು ಹೋಯಿತು, ರಾಜದ್ರೋಹದ ಆರೋಪ ಬಂತು, ಗೆದ್ದ ದಂಡನಾಯಕ ಬೇಡಿ ತೊಟ್ಟು ಸೆರೆಮನೆ ಸೇರಿದ. ಅವನು ಗೆದ್ದುಕೊಟ್ಟ ಊರುಗಳು ಸ್ವಲ್ಪ ಸಮಯದಲ್ಲೇ ಕೈಬಿಟ್ಟುಹೋದವು. ಸೆರೆಮನೆಯಲ್ಲಿ ಆ ಸುದ್ದಿ ಅವನ ಕಿವಿಗೆ ಬಿದ್ದ ಗಳಿಗೆಯನ್ನು ಬರೆಯಲು ನಿನಗಿಂತ ಒಳ್ಳೆಯವರು ನನಗೆ ಗೊತ್ತಿಲ್ಲ.

1042ರಲ್ಲಿ ಬಿಡಿಸಿ ಇಟಲಿಗೆ ಕಳಿಸಿದರು. ಅವನು ಅಲ್ಲಿದ್ದಾಗ, ಇತ್ತ ಅನತೋಲಿಯಾದಲ್ಲಿ ಅವನ ಜಮೀನಿನ ನೆರೆಯವ ರೊಮಾನೋಸ್ ಸ್ಕ್ಲೆರೋಸ್ ಹಳೆಯ ಜಗಳದ ಸೇಡು ತೀರಿಸಿಕೊಂಡ. ಹೊಲ ಲೂಟಿಯಾಯಿತು, ಹೆಂಡತಿಯ ಮಾನಕ್ಕೂ ಕೈಹಾಕಿದ. ಕೇಳುವವರು ಯಾರು? ಹೊಸ ಚಕ್ರವರ್ತಿ ಒಂಬತ್ತನೇ ಕಾನ್‌ಸ್ಟಂಟೈನನ ಪ್ರೇಯಸಿ ಈ ಸ್ಕ್ಲೆರೋಸನ ಸೋದರಿ. ಬದುವಿನ ಜಗಳ ಸಿಂಹಾಸನದವರೆಗೆ ಹೋಗುವುದು ಹೀಗೆ. ನೀನು ಇದಕ್ಕೆ ಎರಡೇ ಸಾಲು ಕೊಟ್ಟಿದ್ದೀಯ. ನನ್ನ ಮಟ್ಟಿಗೆ ಇದೇ ಪುಸ್ತಕದ ಹೊಟ್ಟೆ.

ಆಮೇಲೆ ಅವನ ಅಧಿಕಾರ ಕಿತ್ತುಕೊಳ್ಳಲು ದೂತ ಬರುತ್ತಾನೆ. ಮೊದಲೇ ಹೇಳಿಕಳಿಸದೆ, ಕುದುರೆ ಮೇಲೆ ನೇರ ಪಾಳೆಯದ ನಡುವೆ ಬಂದು, ಸೈನಿಕರೆದುರೇ ಬೈಯತೊಡಗುತ್ತಾನೆ. ಮಾನಿಯಾಕೆಸ್ ಕೈ ಎತ್ತುತ್ತಾನೆ. ಹೊಡೆಯಲಿಕ್ಕಲ್ಲ, ಹೆದರಿಸಲಿಕ್ಕೆ. ದೂತ ಕೂಗುತ್ತಾನೆ: ನೋಡಿ, ಬಂಡಾಯ! ಸಿಸಿಲಿಯಲ್ಲಿ ಹೊಡೆದ ಅದೇ ಕೈ, ಈ ಸಲ ಬರೀ ಗಾಳಿಯಲ್ಲಿ. ದೂತನ ಹೆಣ ಬಿದ್ದ ಮೇಲೆ ಹಿಂದಿರುಗುವ ದಾರಿ ಮುಚ್ಚಿತು. ನಿನ್ನ ಜಯಕಾರ ಇಲ್ಲಿ ಬರಲಿ.

ಈ ದೂತನ ದೃಶ್ಯವನ್ನು ಬರೆದಿಟ್ಟ ಇತಿಹಾಸಕಾರ ಮೈಕೇಲ್ ಪ್ಸೆಲ್ಲೋಸ್ ಅದೇ ಚಕ್ರವರ್ತಿಯ ಆಸ್ಥಾನದಲ್ಲಿ ಕೆಲಸಕ್ಕಿದ್ದವನು. ಹಾಗಿದ್ದೂ, ಮಾನಿಯಾಕೆಸನನ್ನು ಒಲಿಸಿಕೊಳ್ಳುವ ಬದಲು ಕೆಣಕಿದರು ಎಂದು ತನ್ನ ಒಡೆಯನನ್ನೇ ದೂರುತ್ತಾನೆ. ಮಾನಿಯಾಕೆಸನನ್ನು ಕಣ್ಣಾರೆ ಕಂಡವನು ಅವನು. ಹತ್ತಡಿ ಎತ್ತರ, ಗುಡುಗಿನ ದನಿ, ಕಂಚಿನ ಬಾಗಿಲು ಅಲುಗಾಡಿಸುವ ಕೈ ಎನ್ನುತ್ತಾನೆ. ಅಳತೆ ನಂಬಬೇಡ, ಬೆರಗನ್ನು ನಂಬು.

ಕೊನೆಯ ಅಧ್ಯಾಯದಲ್ಲಿ ಅವನ ಬಾಯಿಗೆ ಒಂದು ಪುಟದ ಮಾತು ಹಾಕಿದ್ದೀಯಲ್ಲ, ಅದು ಬೇಡ. 1043, ಥೆಸಲೋನಿಕಿಯ ದಾರಿಯಲ್ಲಿ ಒಸ್ಟ್ರೋವೋ, ಚಕ್ರವರ್ತಿಯ ಸೈನ್ಯದ ಜೊತೆ ಕಾಳಗ. ಗೆಲ್ಲುತ್ತಿದ್ದಾನೆ. ಬಲ ಪಕ್ಕೆಗೆ ಪೆಟ್ಟು ಬಿದ್ದದ್ದು ಮೊದಲು ಅವನಿಗೇ ತಿಳಿಯುವುದಿಲ್ಲ. ರಕ್ತ ಕಂಡಮೇಲೆ ಗಾಯಕ್ಕೆ ಕೈ ಒತ್ತಿ ತನ್ನವರ ಕಡೆ ತಿರುಗುತ್ತಾನೆ, ಲಗಾಮು ಜಾರುತ್ತದೆ, ಬೀಳುತ್ತಾನೆ. ಶತ್ರುಗಳು ಕೂಡಲೇ ಹತ್ತಿರ ಬರುವುದಿಲ್ಲ, ಇದೂ ಒಂದು ತಂತ್ರವಿರಬೇಕೆಂದು ಕುದುರೆಗಳನ್ನು ತಡೆದು ನಿಲ್ಲುತ್ತಾರೆ. ತೆಲೂಕ್‌ನ ರಾತ್ರಿಯನ್ನು ನೀನು ಬರೆದಿದ್ದರೆ ಮಾತ್ರ ಓದುಗರಿಗೆ ಆ ಹಿಂಜರಿಕೆ ಅರ್ಥವಾದೀತು. ಕೊಂದವನು ನಾನೇ ಎಂದು ಆಮೇಲೆ ಹಲವರು ಹೇಳಿಕೊಂಡರು, ಯಾರ ಹತ್ತಿರವೂ ಸಾಕ್ಷಿ ಇರಲಿಲ್ಲ. ಆದ್ದರಿಂದ ನೀನು ಕಲ್ಪಿಸಿದ ಆ ತರುಣ ಬಿಲ್ಲುಗಾರನನ್ನೂ ತೆಗೆದುಬಿಡು.

ತೆಲೂಕ್ ಅಧ್ಯಾಯ ಬರೆದಾದ ಕೂಡಲೇ ಕಳಿಸು. ಉಳಿದದ್ದು ನಿಧಾನವಾಗಲಿ.

ನಿನ್ನವ