ನನ್ನ ವಾಚ್ ಕೆಡಿಸಿ ‘ಪೂರ್ತಿ ಒರಿಜಿನಲ್’ ಎಂದು ಮಾರಾಟಕ್ಕೆ ಇಟ್ಟಿರುವ ಬಗ್ಗೆ ದೂರು

ಮಾನ್ಯ ವ್ಯವಸ್ಥಾಪಕರೇ,

ಫೋನ್ ಮಾಡಿ ಮಾಡಿ ಸಾಕಾಗಿದೆ. ಪ್ರತಿ ಸಲವೂ ‘ಸಂಬಂಧಪಟ್ಟವರು ವಾಪಸ್ ಕರೆ ಮಾಡುತ್ತಾರೆ’ ಎಂದಿರಿ. ಯಾರೂ ಮಾಡಲಿಲ್ಲ. ನಿನ್ನೆ ನಿಮ್ಮ ಮಾರಾಟದ ಪಟ್ಟಿಯಲ್ಲಿ ನನ್ನ ವಾಚ್ ಕಂಡಿತು. ‘ಪಾಲಿಶ್ ಆಗಿಲ್ಲ, ಎಲ್ಲಾ ಭಾಗ ಒರಿಜಿನಲ್’ ಎಂದು ಬರೆದಿದ್ದೀರಿ. ಇನ್ನು ಸುಮ್ನೆ ಇರಲು ನನ್ನಿಂದಾಗದು.

ನಾನು ಕೊಟ್ಟಿದ್ದು 1969ರ ಒಮೆಗಾ ಸ್ಪೀಡ್‌ಮಾಸ್ಟರ್, ರೆಫರೆನ್ಸ್ (ಮಾದರಿ ಸಂಖ್ಯೆ) 145.022. ಮಾರಿಕೊಡಿ ಎಂದಿದ್ದೆ, ಅಷ್ಟೇ. ರಿಪೇರಿ ಕೇಳಿರಲಿಲ್ಲ. ನಿಮ್ಮದೇ ರಸೀದಿಯ ಷರತ್ತು ನಿಮಗೆ ಗೊತ್ತಿರಬೇಕಲ್ವಾ? ಮಾಲೀಕರು ಬರೆದು ಒಪ್ಪದೆ ಪಾಲಿಶ್ ಮಾಡುವಂತಿಲ್ಲ, ಭಾಗ ಬದಲಿಸುವಂತಿಲ್ಲ. ಬದಲಿಸಿದರೆ ಹಳೆಯದನ್ನು ಮಾಲೀಕರಿಗೇ ಕೊಡಬೇಕು.

ನೋಡಲು ಬಂದ ದಿನ ಲಗ್‌ಗಳ (ಸ್ಟ್ರಾಪ್ ಸಿಕ್ಕಿಸುವ ಕೊಂಬುಗಳ) ಚೂಪಾದ ಅಂಚು ಸವೆದು ಗುಂಡಗಾಗಿತ್ತು. ಸವೆದ ಲೋಹ ಮತ್ತೆ ಬರುವುದಿಲ್ಲ. ಯಾಕೆ ಪಾಲಿಶ್ ಮಾಡಿದಿರಿ ಎಂದು ಕೇಳಿದೆ. ಕೌಂಟರ್‌ನಲ್ಲಿದ್ದವರು ತಲೆ ಎತ್ತದೆ, ‘ಹೊಸದರ ಥರ ಕಾಣ್ತಿದೆಯಲ್ಲ ಸಾರ್, ಖುಷಿ ಪಡಿ’ ಎಂದರು. ಅನುಮಾನ ಬಂದು ಅಂಗೈಗಳಿಂದ ಬೆಳಕು ಮುಚ್ಚಿ ಡಯಲ್ ನೋಡಿದೆ. ಮುಳ್ಳುಗಳು ಹಸಿರಾಗಿ ಹೊಳೆಯುತ್ತಿದ್ದವು. ಡಯಲ್ ಮೇಲಿನ ಗುರುತುಗಳು ಕಪ್ಪಗೇ ಇದ್ದವು. ಆ ಕಾಲದ ಮುಳ್ಳಿಗೆ ಕತ್ತಲಲ್ಲಿ ಹೊಳೆಯಲೆಂದು ಹಚ್ಚುತ್ತಿದ್ದದ್ದು ವಿಕಿರಣಶೀಲ ಟ್ರೀಷಿಯಂ. ಅದರ ಅರ್ಧಾಯುಷ್ಯ 12 ವರ್ಷದ ಮೇಲೆ ಸ್ವಲ್ಪ, ಅಂದರೆ ಅಷ್ಟರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. 1969ರ ಮುಳ್ಳು ಈಗ ಹೀಗೆ ಹೊಳೆಯಲು ಸಾಧ್ಯವೇ ಇಲ್ಲ ಎಂದೆ. ‘ಕತ್ತಲಲ್ಲಿ ಟೈಮ್ ಕಂಡ್ರೆ ಒಳ್ಳೇದೇ ಅಲ್ವಾ?’ ಎಂದು ಪಕ್ಕದವರನ್ನು ನೋಡಿ ನಕ್ಕರು. ನನ್ನ ಹಿಂದೆ ನಿಂತಿದ್ದವರೂ ನಕ್ಕರು. ಹಳೇ ಮುಳ್ಳು ಕೊಡಿ ಎಂದೆ. ‘ಆ ಹಳದಿ ಕಡ್ಡಿ ಇಟ್ಕೊಂಡು ಏನ್ ಮಾಡ್ತೀರಾ? ಕಸಕ್ಕೆ ಹೋಯ್ತು.’ ಡಯಲ್ ಸುತ್ತ ಇದ್ದ ಅಂಕಿಗಳ ಹಳೇ ಉಂಗುರ, ಬೆಜೆಲ್? ಅದೂ ಕಸಕ್ಕೆ. ವಾಚ್ ವಾಪಸ್ ಕೊಡಿ ಎಂದರೆ ನಿಮ್ಮ ಸಹಿ ಬೇಕಂತೆ, ನೀವು ರಜೆಯಂತೆ. ಕೊನೆಗೆ ಒಂದು ಲೆದರ್ ಸ್ಟ್ರಾಪ್ ನನ್ನ ಕಡೆ ತಳ್ಳಿ, ‘ಇದು ಫ್ರೀ, ಜಾಗ ಬಿಡಿ, ಜನ ಕಾಯ್ತಿದ್ದಾರೆ’ ಎಂದರು. ಆ ಸ್ಟ್ರಾಪ್ ನಿಮ್ಮ ಕೌಂಟರ್ ಮೇಲೇ ಬಿಟ್ಟು ಬಂದಿದ್ದೇನೆ.

ಕಸಕ್ಕೆ ಹೋದ ಬೆಜೆಲ್‌ನಲ್ಲಿ 90 ಎಂಬ ಅಂಕಿಯ ನೆತ್ತಿಯ ಮೇಲೆ ಚುಕ್ಕೆ ಇತ್ತು. ಸುಮಾರು 1970ರ ನಂತರದ ಬೆಜೆಲ್‌ಗಳಲ್ಲಿ ಆ ಚುಕ್ಕೆ ಅಂಕಿಯ ಪಕ್ಕಕ್ಕೆ ಬಂತು. ಆ ಒಂದು ಚುಕ್ಕೆಗಾಗಿ ಜಾಸ್ತಿ ಹಣ ಕೊಡುವವರಿದ್ದಾರೆ. ದುಬಾರಿ ವಾಚ್ ಮಾರುವ ನಿಮಗೆ ಇದು ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ.

ಹಣಕ್ಕಿಂತ ನನಗೆ ಸಿಟ್ಟು ತರಿಸಿರುವುದು ನಿಮ್ಮ ಜಾಹೀರಾತು. ಹಳೇ ವಾಚ್ ಕೊಳ್ಳುವವರು ಮಾರುವವರ ಮಾತು ನಂಬಿ ಕೊಳ್ಳುತ್ತಾರೆ. ಈ ವಾಚಿನ ಕಾಗದದಲ್ಲಿ ಇರುವುದು ನನ್ನ ಹೆಸರು. ನೀವು ಹೇಳಿದ ಸುಳ್ಳಿಗೆ ನಾಳೆ ನಾನು ಉತ್ತರ ಕೊಡಬೇಕೇ?

ಆ ಜಾಹೀರಾತನ್ನು ಇವತ್ತೇ ತೆಗೆಯಿರಿ. ವಾಚ್ ವಾಪಸ್ ಕೊಡಿ. ಬೆಲೆ ಎಷ್ಟು ಇಳಿದಿದೆ ಎಂದು ಬೇರೆ ಪರಿಣತರಿಂದ ಲೆಕ್ಕ ಹಾಕಿಸಿ ಅಷ್ಟನ್ನೂ ತುಂಬಿಕೊಡಿ. ವಾಚ್ ನಿಮಗೆ ಕೊಡುವ ಮುಂಚೆಯೇ ಪ್ರತಿ ಅಂಚಿನ, ಆ ಚುಕ್ಕೆಯ ಫೋಟೋ ತೆಗೆದಿಟ್ಟಿದ್ದೇನೆ. ನಿಮ್ಮ ಜಾಹೀರಾತಿನ ಪ್ರತಿಯೂ ನನ್ನ ಬಳಿ ಇದೆ. ಎರಡೂ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತವೆ. ನಿಮಗೆ ವಾಚ್ ಒಪ್ಪಿಸಿರುವ, ನನಗೆ ಪರಿಚಯವಿರುವ ಪ್ರತಿ ಸಂಗ್ರಾಹಕರಿಗೂ ಹೋಗುತ್ತವೆ. ಅವರೆಲ್ಲ ತಮ್ಮ ವಾಚ್ ಕೇಳಿಕೊಂಡು ಬಂದಾಗ ನೀವು ರಜೆಯಲ್ಲಿ ಇರಬೇಡಿ.

ಇಂತಿ,
ವಾಚಿನ ಮಾಲೀಕ