ಮಗಳಿಗೊಂದು ಪತ್ರ: ಮಂಗಳವಿಲ್ಲದ ಆಟ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ಶಿವಮೊಗ್ಗದ ಹಾಸ್ಟೆಲಿಗೆ ಸೇರಿದ ಮೇಲೆ ಮೊಬೈಲಿನ ಖರ್ಚು ಏರುತ್ತಿರುವುದನ್ನು ಅಪ್ಪನೂ ಗಮನಿಸಿದ್ದಾರೆ. ಗದರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಓದಿನ ನಡುವೆ ನಗುವುದಕ್ಕೆ, ಹಾಡು ಕೇಳುವುದಕ್ಕೆ ನಿನ್ನ ವಯಸ್ಸಿನವರಿಗೆ ಏನಾದರೂ ಬೇಕೇ ಬೇಕು. ಆದರೆ ಅದಕ್ಕಾಗಿ ಏನೇನು ತೆರುತ್ತಿದ್ದೀಯೆಂಬುದು ನಿನಗೇ ತಿಳಿದಿರಬೇಕು.

ಹಣದ ವಿಷಯವನ್ನು ಮೊದಲು ಮುಗಿಸುತ್ತೇನೆ. ಸಿನಿಮಾ, ಹಾಡಿನ ಆ್ಯಪ್ ಒಂದರ ಚಂದಾ ತಿಂಗಳಿಗೆ 149 ರೂಪಾಯಿ ಎಂದರೆ ಸಣ್ಣ ಮೊತ್ತವೆನ್ನಿಸುತ್ತದೆ. ವರ್ಷಕ್ಕೆ ಅದು 1,788 ರೂಪಾಯಿ, ಅಂಥ ಚಂದಾ ಮೂರಾದರೆ 5,364. ಯುಪಿಐ ಆಟೋಪೇಗೆ ಒಮ್ಮೆ ಒಪ್ಪಿಗೆ ಕೊಟ್ಟರೆ, ನೀನು ನೋಡಿದರೂ ನೋಡದಿದ್ದರೂ ಹಣ ಕಡಿತವಾಗುತ್ತದೆ. ಕಡಿತಕ್ಕೆ 24 ಗಂಟೆ ಮೊದಲೇ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿರುವುದರಿಂದ ಸಂದೇಶ ಬರುತ್ತದೆ, ಅದನ್ನು ಓದದೆ ಅಳಿಸಬೇಡ. ಎಚ್‌ಡಿ ಗುಣಮಟ್ಟದ ವಿಡಿಯೊ ಗಂಟೆಗೆ 3 ಜಿಬಿಯವರೆಗೂ ಡೇಟಾ ನುಂಗಬಲ್ಲದು, ದಿನಕ್ಕೆ 1.5 ಜಿಬಿಯ ಪ್ಯಾಕು ಅರ್ಧ ಗಂಟೆಗೇ ಮುಗಿಯುವುದು ಹೀಗೆ. ಸೆಟ್ಟಿಂಗ್ಸಿನಲ್ಲಿ ಗುಣಮಟ್ಟ ಇಳಿಸಿದರೆ ಮೊಬೈಲಿನ ಪುಟ್ಟ ಪರದೆಯಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ.

ನನ್ನನ್ನು ನಿಜವಾಗಿ ಕಾಡುವುದು ಪುಕ್ಕಟೆಯಾಗಿ ಸಿಗುವ ರೀಲ್ಸ್ ಮತ್ತು ಶಾರ್ಟ್ಸ್. ನಮ್ಮೂರಿನ ಗದ್ದೆಬಯಲಿನಲ್ಲಿ ಬೆಳಗಿನವರೆಗೆ ಯಕ್ಷಗಾನದ ಆಟ ನೋಡುವವರೂ ನಿದ್ದೆಗೆಡುತ್ತಾರೆ. ಆದರೆ ಆಟದ ಕೊನೆಗೆ ಭಾಗವತರು ಮಂಗಳ ಹಾಡಿದ ಕೂಡಲೇ ಜನ ಚಾಪೆ ಸುತ್ತಿಕೊಂಡು ಏಳುತ್ತಾರೆ, ದಾರಿಯುದ್ದಕ್ಕೂ ಕರ್ಣನ ಪಾತ್ರಧಾರಿಯ ಮಾತುಗಾರಿಕೆಯನ್ನು ವಿಮರ್ಶಿಸುತ್ತಾರೆ, ಆ ವಾರವೆಲ್ಲ ತೋಟದ ಕೆಲಸದ ನಡುವೆಯೂ ಅದೇ ಮಾತು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್‌ನವರು ಊರಿನವರಿಗೆ ಸಿನಿಮಾ ತೋರಿಸಿದಾಗಲೂ ನೋಡಿದ ಮೇಲೆ ಚರ್ಚೆಗೆಂದು ಜಾಗವಿಟ್ಟಿದ್ದರು. ಮೊಬೈಲಿನಲ್ಲಿ ಮಂಗಳವೇ ಇಲ್ಲ. ಪುಟದ ಕೊನೆಯೇ ಬಾರದಂತೆ ಸರಿಯುತ್ತ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅವರೇ ಮುಂದೆ ಅದರ ಪರಿಣಾಮಕ್ಕಾಗಿ ಪಶ್ಚಾತ್ತಾಪಪಟ್ಟರು. ನಿದ್ದೆಯೇ ತಮ್ಮ ಪ್ರತಿಸ್ಪರ್ಧಿ ಎಂದು ನೆಟ್‌ಫ್ಲಿಕ್ಸಿನ ಮುಖ್ಯಸ್ಥರಾಗಿದ್ದ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ನೀನು ಎಷ್ಟು ಹೊತ್ತು ಕಣ್ಣು ನೆಟ್ಟಿರುತ್ತೀಯೋ ಅಷ್ಟು ಜಾಹೀರಾತು ಮಾರಬಹುದಾದ್ದರಿಂದ ನಿನ್ನನ್ನು ಏಳಲು ಬಿಡದಿರುವುದೇ ರೀಲ್ಸ್, ಶಾರ್ಟ್ಸ್ ತೋರಿಸುವ ಕಂಪನಿಗಳ ವ್ಯಾಪಾರ. ಅದಕ್ಕೆ ನಿನ್ನ ಮನೋಬಲದ ಕೊರತೆಯೇ ಕಾರಣವೆಂದು ಕೊರಗಬೇಡ.

ಮೊನ್ನೆ ಫೋನಿನಲ್ಲಿ, ರಾತ್ರಿ ಏನು ನೋಡಿದೆ ಎಂದು ಕೇಳಿದಾಗ ನಿನಗೆ ಒಂದೂ ನೆನಪಾಗಲಿಲ್ಲ. ಹಣಕ್ಕಿಂತ ಹೆಚ್ಚಾಗಿ ಅದೇ ನನಗೆ ನೋವಾಯಿತು. ಮೂರು ಗಂಟೆಯ ಸಿನಿಮಾ ನೋಡು, ಬೇಡವೆನ್ನುವುದಿಲ್ಲ. ನೀನೇ ಆರಿಸಿದ್ದಾಗಿರಲಿ, ಮುಗಿಯುವಂಥದ್ದಾಗಿರಲಿ. ಒಂದು ಮುಗಿದೊಡನೆ ಇನ್ನೊಂದನ್ನು ತಾನೇ ಶುರುಮಾಡುವ ಆಟೋಪ್ಲೇಯನ್ನು ಆಫ್ ಮಾಡಿಡು, ಮಲಗುವಾಗ ಮೊಬೈಲನ್ನು ಹಾಸಿಗೆಯಿಂದ ದೂರವಿಡು.

ಚಂದಾಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ನೀನೇ ತೀರ್ಮಾನಿಸಿ ಭಾನುವಾರ ಫೋನಿನಲ್ಲಿ ತಿಳಿಸು. ಉಳಿದವನ್ನು ತಿಂಗಳು ತುಂಬುವ ಮೊದಲೇ ರದ್ದು ಮಾಡೋಣ.

ನಿನ್ನ ಅಮ್ಮ