ಮುದ್ದೆ ಇಳಿಯಿತು, ಎಲ್ಲರಿಗೂ ಥ್ಯಾಂಕ್ಸ್

ಹೋದ ವಾರ ಡಾಕ್ಟರ್ ಹೇಳಿದರು: "ಇನ್ಮೇಲೆ ನುಂಗೋಕೆ ಕಷ್ಟ ಆದರೆ ಮಾತ್ರ ಬನ್ನಿ." ಎರಡು ವಾರಕ್ಕೊಮ್ಮೆ ಎಂಡೋಸ್ಕೋಪಿ ರೂಮಿನ ಮುಂದೆ ಖಾಲಿ ಹೊಟ್ಟೆಯಲ್ಲಿ ಕೂತವನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇರೆ ಇಲ್ಲ.

ಗೊತ್ತಿಲ್ಲದವರಿಗೆ: ಒಂದು ಛತ್ರದಲ್ಲಿ ಯಾರೋ ನೀರಿನ ಬಾಟಲಿಗೆ ಬಾತ್‌ರೂಮ್ ಆಸಿಡ್ ತುಂಬಿಸಿಟ್ಟಿದ್ದರು. ಒಂದು ಗುಟುಕು ಕುಡಿದೆ. ಸುಟ್ಟ ಗಾಯ ಮಾಯುತ್ತಾ ಬಿಗಿದುಕೊಂಡು ಅನ್ನನಾಳ ಕಿರಿದಾಯಿತು. ಆಮೇಲೆ ಎಂಜಲೂ ಇಳಿಯುತ್ತಿರಲಿಲ್ಲ. "ಕ್ಯಾನ್ಸರ್ ಅಲ್ವಲ್ಲ, ಬಿಡು" ಎಂದವರು ತುಂಬಾ ಜನ. ಅವರ ಮೇಲೆ ಸಿಟ್ಟಿಲ್ಲ, ಆದರೆ ಹಸಿವಿಗೆ ಅದೆಲ್ಲ ಗೊತ್ತಾಗಲ್ಲ.

ದಾರಿ ತೋರೋ ತೆಳು ತಂತಿ (ಗೈಡ್ ವೈರ್) ಇಳಿಸಿ, ಅದರ ಮೇಲೆ ಅನ್ನನಾಳ ಅಗಲ ಮಾಡೋ ಡೈಲೇಟರ್ ಜಾರಿಸಿ ಹಿಗ್ಗಿಸುತ್ತಿದ್ದರು. ಹತ್ತು ದಿನ ಗಂಜಿ ಸಲೀಸು, ಮತ್ತೆ ಬಿಗಿತ. ಎರಡು ವಾರಕ್ಕೊಮ್ಮೆಯಂತೆ 5 ಸಲ ಹಿಗ್ಗಿಸಿದರೂ 14 ಮಿಲಿಮೀಟರ್ ಅಗಲ ಬರದಿದ್ದರೆ ಅದನ್ನು ಹಟಮಾರಿ ಕೇಸು ಅಂತಾರಂತೆ. ನನ್ನದು ಅದೇ. ಅನ್ನನಾಳ ಮುಚ್ಚಿಕೊಳ್ಳದಂತೆ ಒಳಗಿಡೋ ಕೊಳವೆ, ಅಂದರೆ ಸ್ಟೆಂಟ್ ಹಾಕಿದರೆ ಎದೆನೋವು, ಸಾಲದ್ದಕ್ಕೆ ಅದು ಕೆಳಗೆ ಜಾರಿತು. ತೆಗೆಯಬೇಕಾಯಿತು. ಕೊನೆಗೆ ಕೈಹಿಡಿದದ್ದು, ಕಿರಿದಾದ ಜಾಗಕ್ಕೇ ಸ್ಟೀರಾಯ್ಡ್ ಚುಚ್ಚಿ ಆಮೇಲೆ ಹಿಗ್ಗಿಸಿದ್ದು.

"ಒಂದೇ ಸಲ ಜಾಸ್ತಿ ಹಿಗ್ಗಿಸಿ, ಮುಗಿಸಿಬಿಡಿ ಸಾರ್" ಎಂದು ನಾನು ಗೋಗರೆದಾಗ, "ಅನ್ನನಾಳ ಹರಿದರೆ ಆಪರೇಷನ್ನೇ ಗತಿ" ಎಂದು ಒಪ್ಪದೇ ಇದ್ದ ಡಾಕ್ಟರಿಗೆ ಮೊದಲ ನಮಸ್ಕಾರ. ಗಂಟಲಿಗೆ ಆ ಕಹಿ ಸ್ಪ್ರೇ ಹೊಡೆದು, "ಉಸಿರು ಬಿಡಿ ಅಣ್ಣಾ, ಎಂಜಲು ನುಂಗಬೇಡಿ, ಹರೀಲಿ" ಎನ್ನುತ್ತಾ ನನ್ನ ದವಡೆ ಹಿಡಿದುಕೊಳ್ಳುತ್ತಿದ್ದ ಸಿಸ್ಟರಿಗೂ.

ನನ್ನ ಹೆಂಡತಿಗೆ ಥ್ಯಾಂಕ್ಸ್ ಎಂದರೆ ಬೈತಾಳೆ. ಹೊಟ್ಟೆಗೆ ಟ್ಯೂಬ್ ಇದ್ದಷ್ಟು ಕಾಲ ರಾಗಿ ಗಂಜಿಯನ್ನು ತೆಳ್ಳಗೆ ಬಟ್ಟೆಯಲ್ಲಿ ಸೋಸಿ, ಸಿರಿಂಜಿನಲ್ಲಿ ನಿಧಾನಕ್ಕೆ ಬಿಟ್ಟು, ಕಟ್ಟಿಕೊಳ್ಳದಂತೆ ಬಿಸಿನೀರು ಹಾಯಿಸುತ್ತಿದ್ದಳು. ರಾತ್ರಿಯೂ ಅಷ್ಟೇ. ನನ್ನ ಮುಂದೆ ಊಟ ಮಾಡಬಾರದೆಂದು ಅಡುಗೆಮನೆಯಲ್ಲೇ ನಿಂತು ತಿನ್ನುತ್ತಿದ್ದಳು. ನನಗೆ ಗೊತ್ತಾಗಲ್ಲ ಅಂದುಕೊಂಡಿದ್ದಳು, ಪಾಪ.

ಶಿಫ್ಟ್ ಬದಲಾಯಿಸಿಕೊಟ್ಟ ಗೆಳೆಯರಿಗೆ, ಬಿಲ್ ಕಟ್ಟುವಾಗ ಕೇಳದೇ ದುಡ್ಡು ಹಾಕಿದ ಭಾವನಿಗೆ ಋಣಿ.

ಭಾನುವಾರ ಅವ್ವ ಮುದ್ದೆ ಮಾಡಿದಳು. ಅಗಿಯದೇ ನುಂಗುವ ಊಟ ಅಲ್ವಾ, ಎಲ್ಲರೂ ನನ್ನ ಗಂಟಲನ್ನೇ ನೋಡುತ್ತಿದ್ದರು. ಸಣ್ಣ ತುತ್ತು, ಜಾಸ್ತಿ ಸಾರು. ಇಳಿಯಿತು.

ಡಾಕ್ಟರೇ, ಆಸಿಡಿಟಿ ಮಾತ್ರೆ ಬಿಟ್ಟಿಲ್ಲ. ಕೋಳಿ ತುಂಡು ಇನ್ನೂ ಮುಟ್ಟಿಲ್ಲ. ಸಾರು ಮಾತ್ರ, ಆಣೆ.